ಅಂಗಳಕ್ಕೆ ಬಂದ ಗಂಜಿ

ಮುದ್ದಕ್ಕನಿಗೆ ಮಾತು ಕಡಿಮೆ. ಮದುವೆಯಾಗಿ ಹಿರೇಗುಂಟನೂರಿನ ಆಚೆಯ ಆ ಕುರುಬರ ಹಟ್ಟಿಗೆ ಬಂದು ವರ್ಷ ತುಂಬುತ್ತ ಬಂದಿದ್ದರೂ, ಅವಳ ದನಿ ಹೇಗಿದೆ ಎಂದು ಯಾರಾದರೂ ಕೇಳಿದರೆ ಪಕ್ಕದ ಮನೆಯವರೂ ತಲೆ ಕೆರೆದುಕೊಳ್ಳಬೇಕಿತ್ತು. ಬೇಕು ಎನ್ನುವುದಕ್ಕೆ ತಲೆ ಆಡಿಸುವುದು, ಬೇಡ ಎನ್ನುವುದಕ್ಕೆ ಸೆರಗು ಎಳೆದುಕೊಳ್ಳುವುದು, ಉಳಿದದ್ದಕ್ಕೆಲ್ಲ ಒಂದು "ಹ್ಞೂಂ". ಹಾಗೆಂದು ಅವಳೊಳಗೆ ಮಾತಿರಲಿಲ್ಲ ಎಂದಲ್ಲ. ಒಲೆ ಮುಂದೆ ಕೂತಾಗ, ಸೌದೆ ಆಯುವಾಗ, ಹೊಳಲ್ಕೆರೆ ಕಡೆಯ ತನ್ನ ತವರಿನವರೊಂದಿಗೆಲ್ಲ ಅವಳು ಮನಸ್ಸಿನಲ್ಲೇ ಹೊತ್ತುಗಟ್ಟಲೆ ಮಾತಾಡುತ್ತಿದ್ದಳು. ಆ ಮಾತು ಗಂಟಲಿನ ತನಕ ಬಂದು, ಅಲ್ಲಿ ಯಾರೋ ದೊಡ್ಡವರು ಕೂತಿದ್ದಾರೇನೋ ಎಂಬಂತೆ ಹಿಂದಕ್ಕೆ ತಿರುಗಿಬಿಡುತ್ತಿತ್ತು.

ಮನೆಯ ಯಜಮಾನಿಕೆ ಕಾಳಕ್ಕನದು. ಕಾಳಕ್ಕ ಮುದ್ದಕ್ಕನ ಮಾವ ಗುಡ್ಡಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು, ತಮ್ಮನ ಹೆಂಡತಿಯೂ ಹೋದ ಮೇಲೆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. "ನಮ್ಮ ಬೋರ ಹೆಂಡ್ತೀನ ತಂದಾನೋ ಗೋಡೆಗೆ ಒರಗಿಸೋ ಒನಕೇನ ತಂದಾನೋ?" ಎಂದು ಅವಳು ಬಂದವರ ಮುಂದೆಲ್ಲ ನಗೆಯಾಡುತ್ತಿದ್ದಳು. ಮುದ್ದಕ್ಕನೂ ಸೆರಗಿನೊಳಗೆ ನಗುತ್ತಿದ್ದಳು.

ಮಾವನ ಜೊತೆಗಂತೂ ಮಾತಿನ ಪ್ರಶ್ನೆಯೇ ಇಲ್ಲ. ಆ ಮನೆಯಲ್ಲಿ ಸೊಸೆಯಾದವಳು ಮಾವನ ಎದುರು ನಿಲ್ಲುತ್ತಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಬಾಗಿಲ ಮರೆಯಿಂದ ಬಳೆ ಸದ್ದು ಮಾಡಬೇಕು. ಗುಡ್ಡಪ್ಪ ಕೆಮ್ಮಿ ಎದ್ದು ಬರಬೇಕು. ಒಂದು ವರ್ಷದಲ್ಲಿ ಮಾವ ಸೊಸೆಯ ನಡುವೆ ನಡೆದ ಮಾತುಕತೆಯೆಲ್ಲ ಬಳೆ ಮತ್ತು ಕೆಮ್ಮಿನದು.

ಎಪ್ಪತ್ನಾಲ್ಕರ ಸುಗ್ಗಿ ಮುಗಿದ ಮೇಲೆ ಗುಡ್ಡಪ್ಪನಿಗೆ ಜ್ವರ ಹಿಡಿಯಿತು. ಗಂಡ ಬೋರಪ್ಪ ಆಗ ಮಂದೆ ಹೊಡೆದುಕೊಂಡು ಭದ್ರಾ ಕಾಲುವೆಯ ಬಯಲಿಗೆ ಹೋಗಿದ್ದ. ಕುರಿ ತರುಬಿಸಿ ಹೊಲಕ್ಕೆ ಗೊಬ್ಬರ ಬೀಳಿಸಿಕೊಳ್ಳುವ ರೈತರು ಅಲ್ಲಿ ಕಾಯುತ್ತಿದ್ದರು. ಜ್ವರ ಇಳಿಯದೆ ಮುದುಕ ಬಡಬಡಿಸತೊಡಗಿದ ಮೇಲೆ ಬೋರಪ್ಪನಿಗೆ ಹೇಳಿ ಕಳಿಸಿದರು. ಅವನು ಮಂದೆಯನ್ನು ಜೊತೆಗಾರನ ಮೇಲೆ ಬಿಟ್ಟು ಓಡಿಬಂದು, ಅಪ್ಪನನ್ನು ದುರ್ಗದ ದೊಡ್ಡಾಸ್ಪತ್ರೆಗೆ ಸೇರಿಸಿದ. ಟೈಫಾಯ್ಡು ಎಂದರು. ಕಾಳಕ್ಕನಿಗೆ ಆಸ್ಪತ್ರೆಯ ಔಷಧಿ ವಾಸನೆಗೇ ತಲೆ ತಿರುಗುತ್ತಿತ್ತು. ಹಾಗಾಗಿ ಮುದುಕನ ಹತ್ತಿರ ಉಳಿದವಳು ಮುದ್ದಕ್ಕ. ಮಂಚದ ತಲೆದೆಸೆಯಲ್ಲಿ, ಮಾವನಿಗೆ ಮುಖ ಕಾಣದ ಹಾಗೆ ಕೂತು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಕಡೆಗೂ ಜ್ವರ ಬಿಟ್ಟಿತು.

ಮನೆಗೆ ಕಳಿಸುವ ದಿನ, ಬೋರಪ್ಪ ಬಸ್ಸು ನೋಡಲು ಹೋಗಿದ್ದಾಗ, ಡಾಕ್ಟರಮ್ಮ ಮುದ್ದಕ್ಕನನ್ನು ವರಾಂಡಕ್ಕೆ ಕರೆದರು.

"ನೋಡಮ್ಮ, ಜ್ವರ ಹೋಗಿದೆ. ಆದರೆ ಒಳಗೆ ಕರುಳು ನೆನೆದ ಕಾಗದದ ಹಾಗಿದೆ. ಮುದ್ದೆ, ರೊಟ್ಟಿ ಅಂತ ಏನಾದರೂ ಕೊಟ್ಟೆಯೋ, ಹರಿದುಹೋಗುತ್ತೆ. ಅಕ್ಕಿ ಗಂಜಿ ಕೊಡು. ತೆಳ್ಳಗೆ ಮಾಡಿ, ಸ್ವಲ್ಪ ಸ್ವಲ್ಪವಾಗಿ, ಹೊತ್ತು ಹೊತ್ತಿಗೆ. ಗಂಜಿ ಒಳಗೆ ಇಳಿಯಿತು ಅಂದರೆ ಆಳು ಉಳಿದ ಹಾಗೆ. ಗಟ್ಟಿ ಜೀವ ನಿಮ್ಮ ಮಾವನದು, ಎದ್ದು ಓಡಾಡುತ್ತಾರೆ. ಆದರೆ ಹೊಟ್ಟೆಗೆ ಏನೂ ಬೀಳದೆ ಹೋದರೆ ಮತ್ತೆ ಇಲ್ಲಿಗೆ ಕರೆದುಕೊಂಡು ಬಂದೂ ಪ್ರಯೋಜನ ಇಲ್ಲ. ತಿಳಿಯಿತಾ?"

ಮುದ್ದಕ್ಕ ತಲೆ ಆಡಿಸಿದಳು. ಪೂರ್ತಿ ತಿಳಿದಿತ್ತು.

ಬೋರಪ್ಪ ಅವರನ್ನು ಹಟ್ಟಿಗೆ ಮುಟ್ಟಿಸಿ, ಮಂದೆಯ ಚಿಂತೆಯಲ್ಲಿ ಬಂದ ಬಸ್ಸಿಗೇ ಹಿಂತಿರುಗಿದ. ಗುಡ್ಡಪ್ಪನನ್ನು ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಕಂಬಳಿ ಹಾಸಿ ಮಲಗಿಸಿದ್ದಾಯಿತು. ಬಯಲಲ್ಲಿ ಬಾಳಿದ ಜೀವ, ಅಂಗಳ ಕಾಣದಿದ್ದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಕಾಳಕ್ಕ ಸೊಸೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಡಾಕ್ಟ್ರು ಏನಂದ್ರೇ?"

ಮುದ್ದಕ್ಕನ ಒಳಗೆ ಡಾಕ್ಟರಮ್ಮನ ಅಷ್ಟೂ ಮಾತು ಸಾಲಾಗಿ ನಿಂತಿತ್ತು. ಹೊರಗೆ ಬಂದದ್ದು ಇಷ್ಟೇ: "ಗಂಜಿ ಕೊಡು ಅಂದ್ರು."

"ಯಾವ ಗಂಜಿ?"

"ಅಕ್ಕಿ ಗಂಜಿ."

ಕಾಳಕ್ಕ ಕೈಯಲ್ಲಿದ್ದ ಚೆಂಬನ್ನು ಕೆಳಗಿಟ್ಟಳು. ಹಾಗೇ ಕಂಬಕ್ಕೆ ಒರಗಿ ಕುಸಿದು ಕೂತಳು.

"ಅಷ್ಟೇನಾ? ಬ್ಯಾರೆ ಏನೂ ಅನ್ನಲಿಲ್ವಾ?"

ಡಾಕ್ಟರಮ್ಮ ಕಡೆಯಲ್ಲಿ ಹೇಳಿದ ಮಾತು ಮುದ್ದಕ್ಕನಿಗೆ ನೆನಪಾಯಿತು. ಹೊಟ್ಟೆಗೆ ಬೀಳದೆ ಹೋದರೆ ಎಂಬ ಆ ಮಾತನ್ನು ಒಡಹುಟ್ಟಿದವಳ ಎದುರು ಆಡುವುದು ಹೇಗೆ? ಅವಳು ತಲೆ ತಗ್ಗಿಸಿದಳು. ಕಾಳಕ್ಕ ಆ ತಗ್ಗಿದ ತಲೆಯನ್ನೇ ನೋಡುತ್ತ ಕೂತಿದ್ದು, ಆಮೇಲೆ ಎದ್ದು, ಒಂದರ ಮೇಲೊಂದು ಪೇರಿಸಿದ ಅಡಕಲು ಗಡಿಗೆಗಳಲ್ಲಿ ತೀರ ಕೆಳಗಿನದನ್ನು ಬಿಚ್ಚಿ, ಮೊರದ ತುಂಬ ಅಕ್ಕಿ ತಂದು ಸೊಸೆಯ ಮುಂದೆ ಸರಿಸಿದಳು. ಅವಳ ಕಣ್ಣಲ್ಲಿ ನೀರಾಡುತ್ತಿತ್ತು. ತಮ್ಮನ ಮೇಲೆ ಎಷ್ಟು ಪ್ರೀತಿ ಎಂದುಕೊಂಡಳು ಮುದ್ದಕ್ಕ. ಕಾಳಕ್ಕ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹಿತ್ತಿಲಿಗೆ ಹೋಗಿ ಯಾರನ್ನೋ ಕೂಗಿ ಏನೋ ಪಿಸುಗುಟ್ಟಿದ್ದನ್ನು ಅವಳು ಗಮನಿಸಲಿಲ್ಲ. ಅವಳ ಗಮನವೆಲ್ಲ ಅಕ್ಕಿಯ ಮೇಲಿತ್ತು.

ಗಂಜಿ ಮಾಡುವುದು ಮುದ್ದಕ್ಕನಿಗೆ ನೀರು ಕುಡಿದಷ್ಟು ಸಲೀಸು. ಅವಳ ತವರು ಹೊಳಲ್ಕೆರೆ ಸೀಮೆಯ ಹೊರಕೆರೆದೇವಪುರದ ಕಡೆಯದು, ಕೆರೆ ಕೆಳಗಿನ ಗದ್ದೆಯ ಊರು. ನಾಟಿಯ ದಿನಗಳಲ್ಲಿ ಅವಳವ್ವ ಹಂಡೆಗಟ್ಟಲೆ ಗಂಜಿ ಕಾಸಿ ಏರಿ ಮೇಲಕ್ಕೆ ಹೊತ್ತು ತರುತ್ತಿದ್ದಳು. ಕೆಸರುಗಾಲಿನ ಹೆಂಗಸರು ಸಾಲಾಗಿ ಕೂತು ಸುರ್ರೆಂದು ಕುಡಿದು, ಮತ್ತೆ ಗದ್ದೆಗೆ ಇಳಿಯುತ್ತಿದ್ದರು. ಈ ಹಟ್ಟಿಯಲ್ಲಿ ಬೆಳಗ್ಗೆ ರೊಟ್ಟಿ, ಹೊತ್ತು ಮುಳುಗಿದರೆ ರಾಗಿಮುದ್ದೆ. ಅಕ್ಕಿ ಹಬ್ಬಕ್ಕೊಂದು ದಿನ ಕಂಡರೆ ಕಂಡಿತು. ಇಷ್ಟು ದಿನದ ಮೇಲೆ ಅಕ್ಕಿಯಲ್ಲಿ ಕೈಯಾಡಿಸಿದಾಗ ಅವಳ ಬೆರಳಿಗೇ ಖುಷಿಯಾಯಿತು.

ಹಂಚು ಕಾಯಿಸಿ ಅಕ್ಕಿಯನ್ನು ಬೆಚ್ಚಗೆ ಹುರಿದಳು. ಕೆಂಪಗಾಗಬಾರದು, ಘಮ ಬಂದರೆ ಸಾಕು. ಬೀಸುವ ಕಲ್ಲನ್ನು ಹಗುರವಾಗಿ ತಿರುಗಿಸಿ ನುಚ್ಚು ಮಾಡಿ, ಮೊರದಲ್ಲಿ ಕೇರಿ ಹಿಟ್ಟು ಹಾರಿಸಿದಳು. ನೀರು ಮರಳಿದ ಮೇಲೆ ಒಂದು ಕೈಯಲ್ಲಿ ನುಚ್ಚು ಉದುರಿಸುತ್ತ ಇನ್ನೊಂದು ಕೈಯಲ್ಲಿ ತಿರುವುತ್ತ ಗಂಟಾಗದಂತೆ ನೋಡಿಕೊಂಡು, ಉರಿಯನ್ನು ಹಿಂದಕ್ಕೆಳೆದು ಬರೀ ಕೆಂಡದ ಮೇಲೆ ಬಿಟ್ಟಳು. ಅವಸರ ಮಾಡಿದರೆ ಗಂಜಿ ಮೇಲೆ ನೀರು, ಕೆಳಗೆ ಅನ್ನ ಎಂದು ಬೇರೆಯಾಗಿಬಿಡುತ್ತದೆ. ಸೌಟಿನಿಂದ ಎತ್ತಿ ಸುರಿದರೆ ದಾರದ ಹಾಗೆ ಎಡೆಬಿಡದೆ ಇಳಿಯಬೇಕು. ಕಡೆಗೆ ಚಿಟಿಕೆ ಉಪ್ಪು, ಜಜ್ಜಿದ ಜೀರಿಗೆ, ಒಂದಿಷ್ಟು ಒಣಶುಂಠಿ.

ಕಾಳಕ್ಕ ಅದನ್ನು ಕಂಚಿನ ಬಟ್ಟಲಿಗೆ ಬಗ್ಗಿಸಿಕೊಂಡು ಪಡಸಾಲೆಗೆ ಹೋದಳು. ಮುದ್ದಕ್ಕ ಬಾಗಿಲ ಮರೆಯಲ್ಲಿ ನಿಂತಳು.

"ಏಳಪ್ಪ ಗುಡ್ಡಾ, ಒಂದು ಗುಟುಕು ತಗಾ."

ಗುಡ್ಡಪ್ಪ ಕಣ್ಣು ಬಿಟ್ಟ. ಬಟ್ಟಲು ನೋಡಿದ, ಬಟ್ಟಲೊಳಗಿನ ಬಿಳುಪು ನೋಡಿದ.

"ಅಕ್ಕೀದಾ?"

ಕಾಳಕ್ಕ ಬಟ್ಟಲನ್ನು ಅವನ ತುಟಿಯ ಹತ್ತಿರಕ್ಕೆ ತಂದಳು.

"ಹಂಗಾದ್ರೆ ಬಂತು ಅನ್ನು," ಎಂದ ಗುಡ್ಡಪ್ಪ, ನಿಧಾನಕ್ಕೆ. ಆಮೇಲೆ ಗೋಡೆ ಕಡೆ ತಿರುಗಿ, ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡ. ಕಾಳಕ್ಕ ಬಟ್ಟಲು ಹಿಡಿದುಕೊಂಡೇ ಗೊಳೋ ಎಂದು ಅತ್ತಳು.

ಮುದ್ದಕ್ಕನಿಗೆ ಏನೆಂದು ಅರ್ಥವಾಗಲಿಲ್ಲ. ಬಾಯಿ ಕಹಿಯಿರಬೇಕು ಎಂದುಕೊಂಡು ಸಂಜೆಗೆ ಇನ್ನಷ್ಟು ತೆಳ್ಳಗೆ ಮಾಡಿದಳು. ಕಂಬಳಿ ಸರಿಯಲಿಲ್ಲ. ಬೆಳಗ್ಗೆ ಮಜ್ಜಿಗೆ ಬೆರೆಸಿ ಹಿತವಾಗಿ ಮಾಡಿದಳು. "ಹೋಗೋನಿಗೆ ಯಾಕೆ ಅಕ್ಕಯ್ಯ ಇದೆಲ್ಲ, ಸುಮ್ಕೆ ಬಿಡು," ಎಂಬ ದನಿ ಕಂಬಳಿಯೊಳಗಿಂದ ಬಂತು. ಆಸ್ಪತ್ರೆಯಲ್ಲಿ ಜ್ವರದ ಬೇಗೆಯಲ್ಲೂ ನರ್ಸುಗಳನ್ನು ಗದರಿಸುತ್ತಿದ್ದ ಮನುಷ್ಯನ ದನಿ ಈಗ ಬಾವಿಯ ತಳದಿಂದ ಬಂದಂತಿತ್ತು. ಮುಟ್ಟಿ ನೋಡಿದರೆ ಜ್ವರವಿಲ್ಲ. ಆದರೆ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಡಾಕ್ಟರಮ್ಮನ ಮಾತು ಮುದ್ದಕ್ಕನ ಕಿವಿಯಲ್ಲಿ ಬಿಡದೆ ಗುಂಯ್‌ಗುಡುತ್ತಿತ್ತು.

ಬಿಸಿಲೇರುವ ಹೊತ್ತಿಗೆ ಅಂಗಳಕ್ಕೆ ಜನ ಬರತೊಡಗಿದರು. ಮೊದಲು ಹಟ್ಟಿಯವರು, ಆಮೇಲೆ ಅಕ್ಕಪಕ್ಕದ ಊರಿನ ನೆಂಟರು. ಐಮಂಗಲದಿಂದ ತಿಮ್ಮರಾಯಪ್ಪನೂ ಬಂದ. ಗುಡ್ಡಪ್ಪನೂ ಅವನೂ ಚಡ್ಡಿ ಹಾಕದ ವಯಸ್ಸಿನಿಂದ ಒಟ್ಟಿಗೆ ಕುರಿ ಕಾಯ್ದವರು. ಬಂದವರೆಲ್ಲ ಬಾಗಿಲಲ್ಲಿ ಬಗ್ಗಿ ನೋಡಿ, ತುಟಿಯಲ್ಲೇ ಲೊಚಗುಟ್ಟಿ, ಅಂಗಳದ ಬೇವಿನ ಮರದ ಕೆಳಗೆ ಕೂತು ಗುಡ್ಡಪ್ಪನ ಒಳ್ಳೆಯ ಗುಣಗಳನ್ನು ಮಾತಾಡತೊಡಗಿದರು. ಬದುಕಿರುವವನ ಒಳ್ಳೆಯ ಗುಣಗಳನ್ನು ಹಾಗೆ ದನಿ ತಗ್ಗಿಸಿ ಮಾತಾಡುವುದು ಮುದ್ದಕ್ಕನಿಗೆ ಸರಿಬೀಳಲಿಲ್ಲ. ಹಿತ್ತಿಲಲ್ಲಿ ನೀರು ಸೇದುತ್ತಿದ್ದ ಪಕ್ಕದ ಮನೆಯ ರಂಗಕ್ಕನ ಹತ್ತಿರ ಹೋಗಿ ನಿಂತಳು. ಕೇಳಲಿಲ್ಲ, ನಿಂತಳು ಅಷ್ಟೇ. ರಂಗಕ್ಕನಿಗೆ ಅಷ್ಟು ಸಾಕಾಯಿತು.

"ಏನು ಮಾಡೋದವ್ವ, ಬಂದೋರೆಲ್ಲ ಒಂದಿನ ಹೋಗಾದೇ. ಆದ್ರೂ ನೀನು ಭಾಳ ಗಟ್ಟಿಗಿತ್ತಿ ಕಣವ್ವ. ಕೈ ನಡುಗದಂಗೆ ಗಂಜಿ ಕಾಸ್ದಲ್ಲ!"

ಮುದ್ದಕ್ಕ ಕಣ್ಣು ಅಗಲಿಸಿದಳು.

"ಅಲ್ಲ, ನಿಂಗೆ ಗೊತ್ತಿಲ್ವಾ?" ರಂಗಕ್ಕ ಹಗ್ಗ ಬಿಟ್ಟು ಹತ್ತಿರ ಬಂದಳು. "ಈ ಮನೇಲಿ ಅಕ್ಕಿ ಗಂಜಿ ಕಾಸಾದು ಯಾವಾಗ? ಹೋಗೋರಿಗೆ. ನಿಮ್ ಮಾವನ ಅಪ್ಪಂಗೆ ಕೊಟ್ಟಿದ್ರು, ಅದೇ ಕಂಚಿನ ಬಟ್ಲಾಗೆ. ನಿಮ್ಮತ್ತೆಗೂ ಕೊಟ್ರು, ಹೊತ್ತು ಮುಳುಗೋದ್ರೊಳಗೆ ಹೋದ್ಲು. ಹುಟ್ಟಿದಾಗಿಂದ ರಾಗಿ, ನವಣೆ ತಿಂದ ಜೀವ. ಅನ್ನದ ಆಸೆ ಇಟ್ಕಂಡು ಹೋಗಬಾರ್ದು ಅಂತ ಕಡೇಲಿ ಒಂದು ಗುಟುಕು. ಡಾಕ್ಟ್ರೇ ಗಂಜಿ ಕೊಡು ಅಂದಾರೆ, ಈ ಹುಡ್ಗಿ ತಲೆ ಎತ್ತಲಿಲ್ಲ, ಇನ್ನೇನು ಉಳೀತು ಅಂತ ಕಾಳಕ್ಕ ನಿನ್ನೆ ದಿನವೇ ಸುತ್ತೂರಿಗೆಲ್ಲ ಹೇಳಿ ಕಳಿಸ್ಯಾಳೆ."

ಮುದ್ದಕ್ಕನ ತವರಿನ ಏರಿಯ ಮೇಲೆ ಹೆಂಗಸರಿಗೆ ಬೆನ್ನು ನೆಟ್ಟಗೆ ಮಾಡುತ್ತಿದ್ದ ಗಂಜಿ ಇಲ್ಲಿ ಸಾವಿನ ಚೀಟಿಯಾಗಿತ್ತು! ಜ್ವರ ಗೆದ್ದು ಬಂದ ಮುದುಕ ಅವಳ ಗಂಜಿ ನೋಡಿ ಹೋಗಲು ಸಿದ್ಧನಾಗಿ ಮಲಗಿದ್ದ. ಹಟ್ಟಿಗೆ ಹಟ್ಟಿಯೇ ಅವನನ್ನು ಬೀಳ್ಕೊಡಲು ಬಂದು ಕೂತಿತ್ತು.

ಅವಳು ಓಡಿದಳು. ಕಾಳಕ್ಕ ಅಡುಗೆಮನೆಯಲ್ಲಿ ಮಂಡಿಗೆ ಗದ್ದ ಊರಿ ಕೂತಿದ್ದಳು.

"ಅತ್ಯಮ್ಮ, ಡಾಕ್ಟ್ರು ಹಂಗನ್ಲಿಲ್ಲ. ಮಾವ ಉಳೀತಾರಂತೆ."

"ಬಿಡವ್ವ ಮುದ್ದಿ," ಎಂದಳು ಕಾಳಕ್ಕ, ಅವಳ ತಲೆ ಸವರಿ. "ನಂಗೆ ಸಮಾಧಾನ ಮಾಡಾಕೆ ಬರಬ್ಯಾಡ. ನಿನ್ನೆ ನಿನ್ ಮಖ ನೋಡೇ ನಾನು ಎಲ್ಲ ತಿಳ್ಕಂಡೆ."

ವರ್ಷವೆಲ್ಲ ಮಾತಾಡದೆ ಕೂತಿದ್ದವಳು ಈಗ ಮಾತಾಡಿದರೆ ಅದು ಸಮಾಧಾನದ ಮಾತಾಗಿ ಕೇಳುತ್ತಿತ್ತು. ಮುದ್ದಕ್ಕ ಒಲೆಯತ್ತ ನೋಡಿದಳು. ಆರಿದ ಗಂಜಿ ತಪ್ಪಲೆಯಲ್ಲಿ ಕೆನೆಗಟ್ಟಿ ಹಾಗೇ ಇತ್ತು. ಇದನ್ನು ಒಬ್ಬ ಕುಡಿದರೆ ಅಲ್ಲವೇ ಸಾವಿನ ಗಂಜಿ? ಎಲ್ಲರೂ ಕುಡಿದರೆ?

ಆ ಪ್ರಶ್ನೆ ಮನಸ್ಸಿಗೆ ಬಂದದ್ದೇ ತಡ, ಅವಳು ಅಡಕಲಿನ ಕೆಳಗಿನ ಗಡಿಗೆಯನ್ನು ತಬ್ಬಿ ಎತ್ತಿ ಉಳಿದ ಅಕ್ಕಿಯನ್ನೆಲ್ಲ ಮೊರಕ್ಕೆ ಸುರಿದುಕೊಂಡಳು.

"ಏಯ್! ಯುಗಾದಿಗಿಟ್ಟ ಅಕ್ಕಿ ಕಣೇ ಅದು!"

ಮುದ್ದಕ್ಕನಿಗೆ ಕೇಳಲಿಲ್ಲ. ಕೇಳಿದ್ದರೂ ನಿಲ್ಲುತ್ತಿರಲಿಲ್ಲ. ನೀರು ಕಾಸುವ ಹಂಡೆಯನ್ನು ಉಜ್ಜಿ ತೊಳೆದು, ಹೊತ್ತು ತಂದು ಅಂಗಳದ ನಡುವೆ, ಸರಿಯಾಗಿ ಬಾಗಿಲಿಗೆ ಎದುರಾಗಿ, ಕಲ್ಲು ಹೂಡಿ ಇಟ್ಟಳು. ಬೇವಿನ ಮರದ ಕೆಳಗಿನ ಮಾತು ನಿಂತುಹೋಯಿತು.

"ಶಿವನೇ! ಒಳಗೆ ಇನ್ನೂ ಉಸಿರಾಡ್ತೈತೆ, ಈಯಮ್ಮ ಆಗ್ಲೇ ಹೆಣದ ನೀರಿಗೆ ಅಂಗಳದಾಗೆ ಒಲೆ ಹೂಡ್ಯಾಳೆ!" ಎಂದಳು ಒಬ್ಬಳು.

"ರಂಗಕ್ಕಾ, ನೀರು ತರ್ರಿ!" ಎಂದಳು ಮುದ್ದಕ್ಕ.

ಹಟ್ಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಳೆ ಎಲೆ ಸೀಳಿದಂತೆ ನೇರ ದನಿ. ಅದು ಇವಳದಾ?

"ಎರಡು ಕೊಡ ಸಾಲದು, ಇನ್ನೂ ತರ್ರಿ. ಏನಣ್ಣ, ಸುಮ್ನೆ ಕುಂತಿದ್ದೀರಲ್ಲ, ಆ ಕಡೆ ಸೌದೆ ಐತೆ, ಎತ್ಕಂಡು ಬರ್ರಿ."

ಹೇಳಿಸಿಕೊಂಡವನು ಯಾಕೆ ಏನು ಎನ್ನದೆ ಎದ್ದು ಸೌದೆ ತಂದ. ಮುದ್ದಕ್ಕನ ಕೈಗೆ ಕೆಲಸ ಗೊತ್ತಿತ್ತು. ಹುರಿದಳು, ಬೀಸಿದಳು, ಕೇರಿದಳು. ನೀರು ಮರಳಿತು. ನುಚ್ಚು ಉದುರಿಸಿ, ಉದ್ದನೆಯ ಸೌಟಿನಿಂದ ತಿರುವುತ್ತ ತಿರುವುತ್ತ ಉರಿ ತಗ್ಗಿಸಿದಳು. ಹುರಿದ ಅಕ್ಕಿಯ ಘಮ, ಅದರ ಹಿಂದೆ ಜೀರಿಗೆಯ ಘಮ ಅಂಗಳ ತುಂಬಿ, ಹೊಸಿಲು ದಾಟಿ ಪಡಸಾಲೆಗೂ ಹೋಯಿತು. ಒಳಗೆ ಕಂಬಳಿ ಒಂದಿಷ್ಟು ಅಲುಗಾಡಿತು. ಮುದ್ದಕ್ಕ ಓರೆಗಣ್ಣಲ್ಲಿ ನೋಡಿದಳು.

ಗಂಜಿ ಹದಕ್ಕೆ ಬಂದ ಮೇಲೆ ಅವಳು ಒಳಗೆ ಹೋಗಿ ಕಂಚಿನ ಬಟ್ಟಲನ್ನೇ ತಂದಳು. ತುಂಬ ಬಗ್ಗಿಸಿಕೊಂಡಳು. ಹೊಸಿಲ ಮೇಲೆ, ಮಾವನ ಎದುರಿಗೇ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, ಊದಿ ಊದಿ ಕುಡಿದಳು.

"ಅಯ್ಯಯ್ಯೋ, ಮುತ್ತೈದೆ! ಆ ಬಟ್ಲಾಗೆ!" ಕಾಳಕ್ಕ ಬಾಯಿ ಬಾಯಿ ಬಡಿದುಕೊಂಡು ಬಂದಳು. "ಲೇ ಮುದ್ದೀ, ಏನ್ ಮಾಡ್ತಿದ್ದೀಯೇ!"

"ಹೊಟ್ಟೆ ಹಸಿದಿತ್ತು ಅತ್ಯಮ್ಮ. ಗಂಜಿ ಕುಡಿದೆ," ಎಂದಳು ಮುದ್ದಕ್ಕ. ಬಾಯಿ ಒರೆಸಿಕೊಂಡು ಅಂಗಳದತ್ತ ತಿರುಗಿದಳು. "ನಮ್ಮೂರಾಗೆ ದಿನಾ ಕುಡೀತೀವಿ. ಕುಡಿದು ನಾಟಿ ಮಾಡ್ತೀವಿ. ಯಾರೂ ಸತ್ತಿಲ್ಲ. ಡಾಕ್ಟ್ರಮ್ಮ ಜ್ವರ ಹೋಗೈತೆ ಅಂದ್ರು. ಗಟ್ಟಿ ಜೀವ, ಗಂಜಿ ಇಳಿದ್ರೆ ಎದ್ದು ಓಡಾಡ್ತಾರೆ ಅಂದ್ರು. ಗಂಜಿ ಬಿಟ್ಟು ಬ್ಯಾರೆ ಕೊಡಬ್ಯಾಡ ಅಂದ್ರು. ನೀವೆಲ್ಲ ದೂರದಿಂದ ಬಂದೀರಿ. ಸಾಲಾಗಿ ಕುಂತ್ಕಳ್ರಿ, ಬಡಿಸ್ತೀನಿ."

ಯಾರೂ ಅಲುಗಾಡಲಿಲ್ಲ. ಗಂಡಸರು ನೆಲ ನೋಡಿದರು, ಹೆಂಗಸರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಸಾಯುವವನ ಗಂಜಿಗೆ ಬದುಕಿರುವವರು ಕೈ ಚಾಚುವುದುಂಟೇ? ಮುದ್ದಕ್ಕ ಹಂಡೆಯ ಹತ್ತಿರ ಹೋಗಿ ಸೌಟು ಹಿಡಿದು ನಿಂತಳು. ಇಷ್ಟು ಹೊತ್ತು ಎಲ್ಲಿಂದಲೋ ಬಂದು ಅವಳ ಬೆನ್ನು ಹಿಡಿದಿದ್ದ ಧೈರ್ಯ ಇನ್ನೇನು ಬಿಟ್ಟುಹೋಗುತ್ತದೆ ಅನ್ನಿಸಿತು.

ಆಗ ತಿಮ್ಮರಾಯಪ್ಪ ಎದ್ದ. ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಐಮಂಗಲದಿಂದ ಬೆಳಗಿನ ಬಸ್ಸಿಗೆ ಬಂದೀನಿ. ಬಾಯಿಗೆ ಒಂದು ತೊಟ್ಟು ನೀರು ಬಿದ್ದಿಲ್ಲ. ಈ ಹುಡ್ಗಿ ಇಷ್ಟು ಘಮ ಎಬ್ಬಿಸಿ ಇಟ್ಟಾಳೆ, ನಾನೇನು ಮೂಗು ಇಲ್ದೋನಾ? ಇಕ್ಕವ್ವ."

"ಲೋ ತಿಮ್ಮರಾಯ, ಬ್ಯಾಡ ಕಣಪ್ಪ!" ಎಂದಳು ಕಾಳಕ್ಕ.

"ಸುಮ್ಕಿರಕ್ಕ. ನಾನು ಸತ್ರೆ ಹೆಂಗೂ ಜನ ಸೇರೇ ಸೇರ್ಯಾರೆ, ಹೇಳಿ ಕಳಿಸೋ ತಾಪತ್ರಯ ಇಲ್ಲ."

ತಿಮ್ಮರಾಯಪ್ಪ ಹೊಸಿಲ ಹತ್ತಿರವೇ ಕುಕ್ಕರಗಾಲಲ್ಲಿ ಕೂತು, ಮುದ್ದಕ್ಕ ತುಂಬಿ ಕೊಟ್ಟ ಅದೇ ಕಂಚಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಸುರ್ರ್ ಎಂದು ಎಳೆದ. ಮತ್ತೊಮ್ಮೆ ಎಳೆದ. ಅಂಗಳಕ್ಕೆ ಅಂಗಳವೇ ಅವನ ಗಂಟಲನ್ನು ನೋಡುತ್ತಿತ್ತು. ಅವನು ಬಟ್ಟಲು ಖಾಲಿ ಮಾಡಿ, ಮೀಸೆ ಒರೆಸಿ, ಬಟ್ಟಲನ್ನು ಹಾಗೇ ಮುಂದಕ್ಕೆ ಚಾಚಿದ.

"ಇನ್ನೊಂದೀಟು ಬಿಡವ್ವ. ಥೂ, ಇಷ್ಟು ಚಂದ ಇರ್ತೈತೆ ಅಂತ ಗೊತ್ತಿದ್ರೆ ನಾನು ವರ್ಷಕ್ಕೊಂದು ಸತಿ ಸಾಯೋ ಹಂಗೆ ಮಲಗ್ತಿದ್ದೆ!"

ಯಾರೋ ಕಿಸಕ್ಕೆಂದರು. ರಂಗಕ್ಕ ಕೊಡ ಕೆಳಗಿಟ್ಟು, "ಬೆಳಗಿಂದ ನೀರು ಹೊತ್ತು ಹೊತ್ತು ಸೊಂಟ ಬಿದ್ದೈತೆ, ನನಗೂ ಇಕ್ಕು," ಎಂದು ಕೂತಳು. ಸೌದೆ ತಂದವನು ಕೂತ. ಅವನ ಹೆಂಡತಿ ಕೂತಳು. ಲೋಟ, ಚೆಂಬು, ತಟ್ಟೆ, ಕೈಗೆ ಸಿಕ್ಕಿದ್ದು ಬಂದವು. ನೋಡುನೋಡುತ್ತ ಬೇವಿನ ಮರದಿಂದ ಹೊಸಿಲ ತನಕ ಒಂದು ಸಾಲು ಬೆಳೆಯಿತು, ಆ ಸಾಲಿನ ತುಂಬ ಸುರ್ ಸುರ್ ಸದ್ದು. ಮುದ್ದಕ್ಕ ಹಂಡೆಗೂ ಸಾಲಿಗೂ ಓಡಾಡಿ ಬಡಿಸುತ್ತಲೇ ಇದ್ದಳು.

"ಲೇ ತಿಮ್ಮಾ!"

ದನಿ ಒಳಗಿನಿಂದ ಬಂತು. ಕಂಬಳಿಯೊಳಗಿಂದಲ್ಲ. ಗುಡ್ಡಪ್ಪ ಕಂಬಳಿಯನ್ನು ಎದೆಗಿಳಿಸಿ, ಮೊಣಕೈ ಮೇಲೆ ಅರ್ಧ ಎದ್ದಿದ್ದ.

"ಎಷ್ಟು ಕುಡೀತೀಯಲೇ?"

"ಹೊಂಟೋನಿಗೆ ಅದ್ಯಾಕೆ ಬೇಕು?" ಎಂದ ತಿಮ್ಮರಾಯಪ್ಪ, ತಲೆ ಎತ್ತದೆ. "ನೀನು ನಿನ್ ದಾರಿ ಹಿಡಿ. ಇಲ್ಲಿ ಬದುಕಿರೋರು ಉಣ್ತಾ ಇದ್ದೀವಿ."

"ಯಾವನಲೇ ಹೊಂಟೋನು? ನನ್ ಗಂಜಿ ಕಣಲೇ ಅದು!"

"ನಿಂದಾಗಿದ್ರೆ ನಿನ್ನೆ ಯಾಕೆ ಗೋಡೆ ನೋಡ್ದೆ?"

ಗುಡ್ಡಪ್ಪನ ಕಣ್ಣು ಸಾಲಿನ ಮೇಲೆ ಹರಿದಾಡಿತು. ಕುಡಿದವರೆಲ್ಲ ಗಟ್ಟಿಯಾಗಿ ಕೂತಿದ್ದಾರೆ; ಒಬ್ಬ ಬೆರಳು ನೆಕ್ಕುತ್ತಿದ್ದಾನೆ, ಇನ್ನೊಬ್ಬಳು ತಟ್ಟೆ ಬಗ್ಗಿಸಿ ಕಡೆಯ ಹನಿಗೆ ಕಾಯುತ್ತಿದ್ದಾಳೆ. ಆ ಕಣ್ಣು ಅಲ್ಲಿಂದ ಹೊಸಿಲಿಗೆ ಬಂದು ಸೊಸೆಯ ಮೇಲೆ ನಿಂತಿತು. ಮುದ್ದಕ್ಕ ಅಭ್ಯಾಸಬಲದಿಂದ ಬಾಗಿಲ ಮರೆಗೆ ಒಂದು ಹೆಜ್ಜೆ ಸರಿದಳು. ಸರಿದವಳು ಮತ್ತೆ ಮುಂದಕ್ಕೆ ಬಂದು ನಿಂತಳು.

"ಏನವ್ವಾ," ಎಂದ ಗುಡ್ಡಪ್ಪ. ಅವನು ಅವಳಿಗೆಂದೇ ಆಡಿದ ಮೊದಲ ಮಾತು ಅದು. "ನಿಜ ಹೇಳು. ನಂಗೆ ಹೆದ್ರಿಕೆ ಇಲ್ಲ. ಡಾಕ್ಟ್ರಮ್ಮ ಏನಂದ್ರು?"

"ಕರುಳು ನೆಂದ ಕಾಗದದಂಗೆ ಐತೆ, ಮುದ್ದೆ ತಿಂದ್ರೆ ಹರೀತೈತೆ ಅಂದ್ರು ಮಾವಯ್ಯ. ಗಂಜಿ ಕುಡಿದ್ರೆ ಉಳೀತಾರೆ, ಕುಡೀದಿದ್ರೆ ಇಲ್ಲ ಅಂದ್ರು. ಬ್ಯಾರೆ ಏನೂ ಮುಚ್ಚಿಟ್ಟಿಲ್ಲ," ಎಂದಳು ಮುದ್ದಕ್ಕ, ಅವನ ಕಣ್ಣನ್ನೇ ನೋಡುತ್ತ. "ಹೋಗಾದಾ ಇರಾದಾ, ಅದು ಈಗ ನಿಮ್ ಕೈಯಾಗೈತೆ."

ಕಾಳಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಾವನಿಗೆ ಹಾಗೆ ಮುಖಕ್ಕೆ ಮುಖ ಕೊಟ್ಟು ಮಾತಾಡಿದ ಸೊಸೆಯನ್ನು ಆ ಹಟ್ಟಿ ನೋಡಿರಲಿಲ್ಲ.

ಗುಡ್ಡಪ್ಪ ಕಂಬಳಿಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ನನ್ನ ಎಬ್ಬಿಸಿ ಕೂರಿಸ್ರಲೇ," ಎಂದ.

ತಿಮ್ಮರಾಯಪ್ಪ ಅವನ ಬೆನ್ನ ಹಿಂದೆ ಕೂತು ಎದೆಗೆ ಒರಗಿಸಿಕೊಂಡ. ಕಂಚಿನ ಬಟ್ಟಲಲ್ಲಿ ತಿಮ್ಮರಾಯಪ್ಪ ಕುಡಿದಿದ್ದ. ಮುದ್ದಕ್ಕ ಅದನ್ನು ತೊಳೆದು, ಹಂಡೆಯ ಮೇಲುಗಡೆಯ ತಿಳಿಯನ್ನು ಬಗ್ಗಿಸಿ, ಆರಿಸಿ, ಮಾವನ ತುಟಿಗೆ ಹಿಡಿದಳು. ಅಂಗಳದ ಸುರ್ ಸುರ್ ಸದ್ದೆಲ್ಲ ನಿಂತಿತು. ಕುರುಚಲು ಗಡ್ಡದ ಕೆಳಗೆ ಗಂಟಲಿನ ಗಂಟು ಒಮ್ಮೆ ಮೇಲಕ್ಕೆ ಹೋಗಿ ಕೆಳಕ್ಕೆ ಇಳಿಯಿತು. ಇನ್ನೊಮ್ಮೆ. ಮುದುಕ ಕಣ್ಣು ಮುಚ್ಚಿಕೊಂಡು ಒಳಗೆ ಏನಾಗುತ್ತದೋ ಎಂದು ಕಾದ. ಎಲ್ಲರೂ ಕಾದರು. ಕಾಳಕ್ಕನ ತುಟಿ ದೇವರ ಹೆಸರುಗಳನ್ನೆಲ್ಲ ಒಂದರ ಮೇಲೊಂದು ಹೇಳುತ್ತಿತ್ತು.

ಗುಡ್ಡಪ್ಪ ಕಣ್ಣು ಬಿಟ್ಟ.

"ಉಪ್ಪು ಸಾಲದು," ಎಂದ.

ಅಂಗಳದಲ್ಲಿ ಎದ್ದ ನಗೆಗೆ ಬೇವಿನ ಮರದ ಹಕ್ಕಿಗಳೆಲ್ಲ ಹಾರಿಹೋದವು. ತಿಮ್ಮರಾಯಪ್ಪ ನಕ್ಕ ರಭಸಕ್ಕೆ ಅವನಿಗೆ ಒರಗಿದ್ದ ಗುಡ್ಡಪ್ಪನೂ ಕುಲುಕಾಡಿದ. ರಂಗಕ್ಕ ನಗುತ್ತ ಅಳುತ್ತ ಪಕ್ಕದವಳ ಬೆನ್ನಿಗೆ ಗುದ್ದಿದಳು. ಕಾಳಕ್ಕ ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು ತಮ್ಮನ ಮುಂದೆ ನಿಂತಳು.

"ನಿನ್ನೆಯಿಂದ ಕಣ್ಣೀರು ಬತ್ತೋ ಹಂಗೆ ಅಳಿಸಿ, ಸುತ್ತೂರು ಜನಾನೆಲ್ಲ ಕರೆಸಿ, ಈಗ ಉಪ್ಪು ಸಾಲದಾ ನಿಂಗೆ? ಇರು, ತರ್ತೀನಿ!" ಎಂದು ಬೈಯುತ್ತಲೇ ಒಳಗೆ ಓಡಿ, ಮುಷ್ಟಿ ತುಂಬ ಉಪ್ಪು ತಂದಳು. ಮುದ್ದಕ್ಕ ಆ ಮುಷ್ಟಿಯಿಂದ ಚಿಟಿಕೆಯಷ್ಟನ್ನೇ ತೆಗೆದು ಬಟ್ಟಲಿಗೆ ಹಾಕಿದಳು.

ಬಟ್ಟಲು ಖಾಲಿಯಾಯಿತು. ಹೊತ್ತು ಸ್ವಲ್ಪ ಇಳಿದ ಮೇಲೆ ಮತ್ತೆ ಅರ್ಧ ಬಟ್ಟಲು. ಗುಡ್ಡಪ್ಪ ಇನ್ನೂ ಕೇಳಿದ, ಮುದ್ದಕ್ಕ ಕೊಡಲಿಲ್ಲ. "ಹೊತ್ತು ಹೊತ್ತಿಗೆ ಅಂದಾರೆ ಮಾವಯ್ಯ," ಎಂದಳು. ಅವನು ಗೊಣಗಿದ. ಆ ಗೊಣಗಾಟ ಕೇಳಿ ಕಾಳಕ್ಕನಿಗೆ ತಮ್ಮ ಪೂರ್ತಿಯಾಗಿ ವಾಪಸು ಬಂದ ಎಂದು ಖಾತ್ರಿಯಾಯಿತು.

ಸಾಯುವವನನ್ನು ನೋಡಿ ಹೋಗಲು ಬಂದವರು ಮದುವೆ ಮುಗಿಸಿಕೊಂಡು ಹೋಗುವವರ ಹಾಗೆ ಸಂಜೆಯ ಬಸ್ಸಿಗೆ ಎದ್ದರು. ಒಬ್ಬೊಬ್ಬರೂ ಹಂಡೆಯೊಳಗೆ ಬಗ್ಗಿ ನೋಡಿ, ನುಚ್ಚು ಎಷ್ಟು ದಪ್ಪ, ನೀರು ಎಷ್ಟು, ಹುರಿಯುವುದು ಯಾಕೆ ಎಂದು ಮುದ್ದಕ್ಕನನ್ನು ಕೇಳಿದರು. ಅವಳು ಒಬ್ಬೊಬ್ಬರಿಗೂ ಹೇಳಿದಳು. ತಿಮ್ಮರಾಯಪ್ಪ ರುಮಾಲು ಸುತ್ತಿಕೊಳ್ಳುತ್ತ, "ಹೋಗಿ ಬರ್ಲೇನಲೇ ಗುಡ್ಡಾ?" ಎಂದ.

"ಹೋಗು. ಇನ್ಮೇಲೆ ನಾನೇ ಹೇಳಿ ಕಳಿಸಾತನಕ ಬರಬ್ಯಾಡ. ಇದ್ದಬದ್ದ ಅಕ್ಕೀನೆಲ್ಲ ನೀನೇ ಮುಗಿಸಿದೆ."

ಜನ ಕರಗಿದ ಮೇಲೆ ಮುದ್ದಕ್ಕ ಹಂಡೆಯ ತಳ ಕೆರೆದಳು. ಎರಡು ಲೋಟಕ್ಕಾಗುವಷ್ಟು ಉಳಿದಿತ್ತು. ಒಂದನ್ನು ಕಾಳಕ್ಕನ ಮುಂದೆ ಇಟ್ಟಳು. ಕಾಳಕ್ಕ ಲೋಟವನ್ನು ನೋಡಿದಳು, ಸೊಸೆಯನ್ನು ನೋಡಿದಳು, ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ ತಮ್ಮನನ್ನು ನೋಡಿದಳು. ಕಣ್ಣು ಗಟ್ಟಿಯಾಗಿ ಮುಚ್ಚಿ, ಔಷಧಿ ಕುಡಿಯುವವಳ ಹಾಗೆ ಒಂದೇ ಉಸಿರಿಗೆ ಕುಡಿದಳು. ಆಮೇಲೆ ನಿಧಾನವಾಗಿ ತುಟಿ ಸವರಿಕೊಂಡಳು.

"ನಾಳೆ ಜೀರಿಗೆ ಇನ್ನೊಂದೀಟು ಹಾಕು," ಎಂದಳು.

"ನಾಳೆ ಮಜ್ಜಿಗೆ ಬೆರೆಸ್ತೀನಿ ಅತ್ಯಮ್ಮ," ಎಂದಳು ಮುದ್ದಕ್ಕ. "ಜೀರಿಗೆ ನಾಡಿದ್ದು."

ಕಾಳಕ್ಕ ಬಾಯಿ ತೆರೆದಳು, ಏನೋ ಬೈಯಲು. ಆಮೇಲೆ ಖಾಲಿ ಲೋಟವನ್ನು ಸೊಸೆಯ ಮುಂದೆ ಚಾಚಿದಳು.